ಎರಡನೆಯ ಹೆಜ್ಜಾರ್ಲೆಯನ್ನು ಎಲ್ಲಿಂದ ತರಲಿ?

ಸೇಂಟ್ ಒಡೀಲ್ ಹೆರಾಲ್ಡ್ ಪತ್ರಿಕೆಯ ಸಂಪಾದಕರಾದ ಶ್ರೀ ವಾರೆನ್ ಪಿಕೆಟ್ ಅವರ ಸನ್ನಿಧಿಗೆ,

ಮಾನ್ಯರೇ,

ಲೂಯಿಸಿಯಾನದ ಈ ಪುಟ್ಟ ಊರಿನ ಬೆಳಗಿನ ಕಾಫಿಗೆ ತಪ್ಪದೆ ಸುದ್ದಿ ಬೆರೆಸಿ ಕೊಡುತ್ತಿರುವ ತಮಗೆ ಹನ್ನೊಂದು ವರ್ಷಗಳ ಚಂದಾದಾರಳ ಗೌರವಪೂರ್ವಕ ನಮಸ್ಕಾರಗಳು. ತಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯಲ್ಲಿ ಸದ್ಯಕ್ಕೆ ಒಬ್ಬರು ಕಡಿಮೆ. ಹದಿನಾಲ್ಕು ವರ್ಷದ ನನ್ನ ಮಗಳು ಡೆಲ್ಫೀನ್ ಆರು ದಿನಗಳಿಂದ ಮಕ್ಕಳ ಜೈಲಿನಲ್ಲಿದ್ದಾಳೆ. ಅವಳನ್ನು ಮನೆಗೆ ಕಳಿಸಬೇಕೋ ಮೊಕದ್ದಮೆ ಮುಗಿಯುವವರೆಗೆ ಅಲ್ಲೇ ಇಟ್ಟುಕೊಳ್ಳಬೇಕೋ ಎಂಬುದನ್ನು ನ್ಯಾಯಾಧೀಶರು ಶುಕ್ರವಾರ ತೀರ್ಮಾನಿಸಲಿದ್ದಾರೆ. ಅದಕ್ಕೆ ಮುಂಚೆ ತಮ್ಮಲ್ಲಿ ಒಂದು ಸಣ್ಣ ಬಿನ್ನಹ.

ದೊಡ್ಡ ಫುಟ್‌ಬಾಲ್ ಪಂದ್ಯದ ಹಿಂದಿನ ವಾರ ನಮ್ಮೂರಿನ ಎರಡು ಶಾಲೆಗಳು ಒಂದರ ಲಾಂಛನವನ್ನು ಇನ್ನೊಂದು ಕದಿಯುವ ಪದ್ಧತಿ ತಮಗೆ ಹೊಸದಲ್ಲ. ಈ ಸಲ ನಮ್ಮ ಶಾಲೆಯ ವಾದ್ಯತಂಡದ ಇಬ್ಬರು, ಡೆಲ್ಫೀನ್ ಮತ್ತು ಅವಳದೇ ವಯಸ್ಸಿನ ಗೆಳತಿ ಕೆಂಡಲ್, ಎದುರು ಶಾಲೆಯ ಗೇಟಿನ ಮೇಲಿದ್ದ ಫೈಬರ್ ಹೆಜ್ಜಾರ್ಲೆ ಹಕ್ಕಿಯ ಬೊಂಬೆಯನ್ನು ಇಳಿಸಿ, ಡೋಲಿನ ತಳ್ಳುಗಾಡಿಯಲ್ಲಿಟ್ಟು, ಹಾಡಹಗಲೇ ಮುಖ್ಯರಸ್ತೆಯಲ್ಲಿ ಮೆರವಣಿಗೆ ಮಾಡಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಟೋಪಿ ಹಾಕಿ ಕೂರಿಸಿದರು. ಇಬ್ಬರೂ ಒಟ್ಟಿಗೇ ಸಿಕ್ಕಿಬಿದ್ದರು. ಕೆಂಡಲ್ ಬಿಳಿಯರ ಹುಡುಗಿ, ಅವಳ ತಂದೆಗೆ ಫೋನ್ ಹೋಯಿತು. ನನ್ನ ಮಗಳು ಕರಿಯರ ಹುಡುಗಿ, ಅವಳ ಕೈಗೆ ಬೇಡಿ ಬಿತ್ತು. ಹೆಜ್ಜಾರ್ಲೆ ಮಾರನೆಯ ಬೆಳಿಗ್ಗೆ ಮತ್ತೆ ಗೇಟಿನ ಮೇಲೆ ಹತ್ತಿ ಕೂತಿತು.

ಇಲ್ಲಿಂದ ಮುಂದಿನದೆಲ್ಲ ತಮ್ಮ ಪ್ರತಿಭೆ. ಗುರುವಾರದ ಮೂರನೆಯ ಪುಟದಲ್ಲಿ ‘ಶಾಲೆಗೆ ಕನ್ನ: ಯುವತಿ ಸೆರೆ, ಹೆಜ್ಜಾರ್ಲೆ ನಾಪತ್ತೆ’ ಎಂದು ಪೊಲೀಸರು ತೆಗೆದ ಚಿತ್ರದೊಡನೆ ಅಚ್ಚಾಯಿತು. ಕಾನೂನಿಗೆ ತಲೆಬಾಗಿ ಹೆಸರು ಬಿಟ್ಟಿರಿ, ಮುಖ ಬಿಡಲು ಮರೆತಿರಿ. ಅದೇ ದಿನದ ಒಂಬತ್ತನೆಯ ಪುಟದಲ್ಲಿ ‘ಪಂದ್ಯದ ಹುರುಪಿನಲ್ಲಿ ತುಂಟಾಟ: ಕಹಳೆ ಬಾಲೆಗೆ ಪಶ್ಚಾತ್ತಾಪ, ಹೆಜ್ಜಾರ್ಲೆ ಮರಳಿ ಗೂಡಿಗೆ’ ಎಂದು, ಗರಿಯ ಟೋಪಿ ತೊಟ್ಟ ಕೆಂಡಲಳ ನಗುವಿನೊಡನೆ ಅಚ್ಚಾಯಿತು. ಮಲಗುವಾಗ ಈಗಲೂ ಬಟ್ಟೆಯ ಆಮೆ ಬೇಕೆನ್ನುವ ನನ್ನ ಮಗಳನ್ನು ಎರಡೇ ದಿನಗಳಲ್ಲಿ ಯುವತಿಯಾಗಿ ಬೆಳೆಸಿದ ಆ ಗೊಬ್ಬರದ ಹೆಸರು ತಿಳಿಸಿದರೆ ನನ್ನ ಟೊಮೆಟೊ ಗಿಡಗಳಿಗೂ ಹಾಕಿ ನೋಡುತ್ತೇನೆ. ಒಂದು ಹಕ್ಕಿಯನ್ನು ಎರಡಾಗಿಸಿದ ಕೈಚಳಕವನ್ನಂತೂ ಹೊಗಳಲು ಪದಗಳಿಲ್ಲ.

ಆ ಎರಡನೆಯ ಹಕ್ಕಿಯೇ ಈಗ ನಮ್ಮ ಕಷ್ಟ. ಸರ್ಕಾರಿ ವಕೀಲರು ತಮ್ಮ ಪತ್ರಿಕೆಯ ಮೂರನೆಯ ಪುಟವನ್ನು ಕಡತಕ್ಕೆ ಸೇರಿಸಿ, ಒಂದು ಸಿಕ್ಕಿದೆ, ಇನ್ನೊಂದನ್ನು ಹುಡುಗಿ ಬಚ್ಚಿಟ್ಟಿದ್ದಾಳೆ, ಅದು ಸಿಗುವವರೆಗೆ ಬಿಡಬಾರದು ಎನ್ನುತ್ತಿದ್ದಾರೆ. ಗೇಟಿನ ಮೇಲೆ ಇದ್ದದ್ದೇ ಒಂದಲ್ಲವೇ ಎಂದು ಆ ಶಾಲೆಯ ಪ್ರಾಂಶುಪಾಲರನ್ನು ಕೇಳಿದರೆ, ಪತ್ರಿಕೆ ಓದಿದ ಮೇಲೆ ನನಗೂ ಅನುಮಾನವಾಗಿದೆ ಎನ್ನುತ್ತಾ ಉಗ್ರಾಣ ತಡಕಾಡುತ್ತಿದ್ದಾರೆ. ಮಗಳು ಫೋನಿನಲ್ಲಿ, “ಅಮ್ಮಾ, ಎರಡನೇದು ಎಲ್ಲಿಟ್ಟೆ ಅಂತ ಕೇಳ್ತಾನೇ ಇದಾರೆ. ಒಂದನ್ನ ಎತ್ತೋಕೇ ನಾವಿಬ್ರೂ ಬೇಕಾಯ್ತು!” ಎಂದಳು. ನಗುತ್ತಾ ಶುರುಮಾಡಿದವಳು ನಗುತ್ತಾ ಮುಗಿಸಲಿಲ್ಲ. ನನ್ನ ತಾಯಿಯದು ಬೇರೆಯೇ ತಕರಾರು: “ಎರಡು ಕದ್ದೋಳು ಒಂದನ್ನಾದ್ರೂ ಮನೆಗೆ ತರಬಾರದಿತ್ತೇನೇ? ಬಾಗಿಲಲ್ಲಿ ನಿಲ್ಲಿಸ್ಕೋತಿದ್ವಿ.” ತಮ್ಮ ಕಚೇರಿಗೆ ಫೋನ್ ಮಾಡಿದಾಗ ಸಜ್ಜನರೊಬ್ಬರು ಬಹಳ ತಾಳ್ಮೆಯಿಂದ, “ಎರಡೂ ಒಂದೇ ಅಂತ ಹೇಗೆ ಹೇಳ್ತೀರಮ್ಮ? ಬೇರೆ ಬೇರೆ ಪುಟದಲ್ಲಿವೆಯಲ್ಲ!” ಎಂದು ತಿಳಿಹೇಳಿದರು.

ಕೆಂಡಲಳನ್ನು ದೂರುವುದು ಅನ್ಯಾಯವಾದೀತು. ಆ ಹುಡುಗಿ ಶನಿವಾರ ತಾನೇ ಠಾಣೆಗೆ ಹೋಗಿ, “ಮೇಲೆ ಹತ್ತಿದ್ದು ನಾನು, ಅವಳು ಏಣಿ ಹಿಡ್ಕೊಂಡಿದ್ಲು ಅಷ್ಟೇ. ನನ್ನನ್ನೂ ಒಳಗೆ ಹಾಕಿ” ಎಂದು ಹಟ ಹಿಡಿದಳು. ಅಲ್ಲಿದ್ದವರು, “ಎಂಥಾ ಒಳ್ಳೇ ಮನಸ್ಸು ಪುಟ್ಟಿ ನಿಂದು, ಮನೆಗೆ ಹೋಗು” ಎಂದು ನಿಂಬೆ ಪಾನಕ ಕೊಟ್ಟು ಕಳಿಸಿದರು. ಅದನ್ನು ತಾವು ‘ಗೆಳತಿಗಾಗಿ ಮಿಡಿದ ಹೃದಯ’ ಎಂದು ಮತ್ತೆ ಚಿತ್ರಸಹಿತ ಪ್ರಕಟಿಸಿದಿರಿ. ಕಳ್ಳತನವನ್ನು ಒಪ್ಪಿಕೊಂಡರೂ ಕಳ್ಳಿಯಾಗಲು ಬಿಡದ ಊರಿನಲ್ಲಿ ಆ ಮಗು ಇನ್ನೇನು ತಾನೇ ಮಾಡಬೇಕು?

ದೂರುವ ಹಕ್ಕು ನನಗೆಷ್ಟಿದೆ ಎಂದೂ ಯೋಚಿಸಿದ್ದೇನೆ. ಇಷ್ಟು ವರ್ಷ ನಾನೂ ಮೂರನೆಯ ಪುಟ ಓದಿ, ಸದ್ಯ ನಮ್ಮ ಮನೆಯದಲ್ಲ ಎಂದು ಅಡುಗೆಯ ಪುಟಕ್ಕೆ ಹೋದವಳು. ಹೋದ ವರ್ಷ ಸೈಕಲ್ ಕದ್ದ ‘ಯುವಕ’ನೊಬ್ಬನ ಚಿತ್ರ ನೋಡಿದ ದಿನ, ಅವನು ನಮ್ಮದೇ ಬಣ್ಣದವನಾದರೂ, ಕಾರಿನ ಬಾಗಿಲನ್ನು ಎರಡೆರಡು ಸಲ ಎಳೆದು ನೋಡಿದ್ದೆ. ಭಾನುವಾರ ಜೈಲಿನ ಭೇಟಿಯ ಕೋಣೆಯಲ್ಲಿ ಅವನು ಪಕ್ಕದ ಮೇಜಿನಲ್ಲಿದ್ದ, ಉಗುರು ಕಚ್ಚುವುದಕ್ಕೆ ತಾಯಿಯಿಂದ ಬೈಸಿಕೊಳ್ಳುತ್ತಿದ್ದ. ಅವನಿಗೆ ಈಗ ಹದಿನೈದು. ಹೋದ ವರ್ಷ ನಾನು ಅದನ್ನು ಕೇಳಿರಲಿಲ್ಲ.

ಆದ್ದರಿಂದ ವಿನಂತಿ ಇಷ್ಟೇ. ಮೂರನೆಯ ಪುಟಕ್ಕೂ ಒಂಬತ್ತನೆಯ ಪುಟಕ್ಕೂ ಶುಕ್ರವಾರದೊಳಗೆ ಪರಸ್ಪರ ಪರಿಚಯ ಮಾಡಿಸಿ, ಹಕ್ಕಿ ಒಂದು, ಹುಡುಗಿಯರು ಇಬ್ಬರು, ಇಬ್ಬರಿಗೂ ಹದಿನಾಲ್ಕು ಎಂದು ನಾಲ್ಕು ಸಾಲು ಬರೆಯಿರಿ. ಬರೆದದ್ದನ್ನು ಬದಲಿಸುವುದು ಪತ್ರಿಕೆಯ ಘನತೆಗೆ ಕುಂದೆನಿಸಿದರೆ, ಎರಡನೆಯ ಹೆಜ್ಜಾರ್ಲೆಯನ್ನು ತಾವೇ ಎಲ್ಲಿಂದಾದರೂ ಕದ್ದು ನ್ಯಾಯಾಲಯಕ್ಕೆ ಒಪ್ಪಿಸಿ. ಸಿಕ್ಕಿಬಿದ್ದರೆ ಹೆದರಬೇಡಿ, ತಮ್ಮ ಸುದ್ದಿ ಒಂಬತ್ತನೆಯ ಪುಟದಲ್ಲೇ ಬರುತ್ತದೆ.

ತಮ್ಮ ವಿಶ್ವಾಸಿ,
ರೊಸಾಲಿನ್ ಗಿಲೊರಿ

ಮರೆತ ಮಾತು: ನನ್ನ ಹೆಸರು ತಮಗೆ ಹೊಳೆಯದಿರಬಹುದು. ದಂತವೈದ್ಯರ ಚಿಕಿತ್ಸಾಲಯದಲ್ಲಿ ಆರು ತಿಂಗಳಿಗೊಮ್ಮೆ ಮುಖಗವಸು ಕಟ್ಟಿಕೊಂಡು ತಮ್ಮ ಹಲ್ಲು ಶುಚಿಮಾಡುವ ಹೆಂಗಸು ನಾನೇ. ತಮ್ಮ ಮುಂದಿನ ಸರದಿ ವಿಚಾರಣೆಯ ನಂತರದ ಮಂಗಳವಾರ, ಹತ್ತೂವರೆಗೆ. ಅಷ್ಟರೊಳಗೆ ಡೆಲ್ಫೀನ್ ಮನೆಗೆ ಬಂದಿದ್ದರೆ ಇಪ್ಪತ್ತು ನಿಮಿಷದ ಕೆಲಸ. ಬಾರದಿದ್ದರೆ ತುಸು ನಿಧಾನವಾಗಿ, ಒಂದೊಂದೇ ಹಲ್ಲು. ಆಗ ಬಾಯಿ ತೆರೆದಿರುವವರು ತಾವು, ಮಾತಾಡುವವಳು ನಾನು.