ಔಷಧಿ ಅಂಗಡಿಯವನ ಪರೀಕ್ಷೆ

ದಿನವೂ ಮಾಡುವ ಕೆಲಸಕ್ಕೇ ಪರೀಕ್ಷೆ ಬರೆಯಲು ಕೂತರೆ ಗೊತ್ತಿದ್ದದ್ದೂ ಗೋಜಲಾಗುತ್ತದೆ. ನನಗೆ ಹಾಗಾದದ್ದು ಒಂದೆರಡು ಸಲವಲ್ಲ.

ಹಗರಿಬೊಮ್ಮನಹಳ್ಳಿಯ ಔಷಧಿ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ ಗುಳಿಗೆ ಕೊಡುತ್ತಿದ್ದೆ. ಲೈಸೆನ್ಸು ಇದ್ದದ್ದು ಯಜಮಾನರ ನೋಂದಣಿಯ ಮೇಲೆ. ಅವರ ಕಾಲದಲ್ಲಿ ಅನುಭವ ತೋರಿಸಿದರೆ ಸಾಕಿತ್ತು, ಪರೀಕ್ಷೆ ಇರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಅವರ ಕಣ್ಣು ಮಂಜಾದವು. ನಾನು ಔಷಧಿ ಡಿಪ್ಲೊಮಾ ಡಿ.ಫಾರ್ಮ ಪಾಸಾಗಿ ನನ್ನ ಹೆಸರಿಗೆ ನೋಂದಣಿ ಮಾಡಿಸದಿದ್ದರೆ ಅಂಗಡಿ ಮುಚ್ಚಬೇಕು. ಹುಡುಗರ ನಡುವೆ ಕೂತು ಎರಡು ವರ್ಷ ಓದಿದೆ.

ಎಲ್ಲಿಡುತ್ತೀರಿ?

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಒಂದು ಗುಳಿಗೆಯ ಹೆಸರು ಹೇಳಿ, ಅದನ್ನು ಎಲ್ಲಿಡಬೇಕೆಂದು ಕೇಳಿದರು. ಬಿಸಿಲು, ತೇವ ತಾಗದ ತಂಪು ಜಾಗ ಅನ್ನಬೇಕಿತ್ತು. ನನ್ನ ಕೈ ತಾನೇ ಮೇಲಕ್ಕೆದ್ದಿತು.

“ಮೂರನೇ ಸಾಲು, ಎಡಕ್ಕ.”

“ಬೇರೆ ಅಂಗಡಿಯೊಳಗ?”

“ಅವರನ್ನ ಕೇಳಬೇಕ್ರಿ.”

ತಪ್ಪು ಎಲ್ಲಿ?

ಪ್ರಾಯೋಗಿಕಕ್ಕೆ ಒಂದು ಔಷಧಿ ಚೀಟಿ ಕೊಟ್ಟರು. ಮಗುವಿಗೆ ದೊಡ್ಡವರ ಪ್ರಮಾಣ ಬರೆದಿತ್ತು. ಅಂಗಡಿಯಲ್ಲಿ ಹೀಗಾದರೆ ಒಳಗೆ ಹೋಗಿ ಡಾಕ್ಟರಿಗೆ ಫೋನು ಮಾಡಿ ಸರಿಪಡಿಸುತ್ತಿದ್ದೆವು. ಗಿರಾಕಿಯ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಇಲ್ಲಿಯೂ ಸುಮ್ಮನೆ ಮಗುವಿನ ಪ್ರಮಾಣ ಅಳೆದಿಟ್ಟೆ. ಚೀಟಿಯ ತಪ್ಪು ಹೇಳಿ ಎಂದರು. ತಪ್ಪೇನಿಲ್ಲ ಎಂದೆ.

“ತಪ್ಪು ಬರೆದಾವ ನಾನೇ. ಹೇಳ್ರಿ.”

ಈಗಂತೂ ಹೇಳುವುದು ಹೇಗೆ?

ಅವರು ಅಳತೆ ನೋಡಿದರು, ನನ್ನ ಮುಖ ನೋಡಿದರು, ಅಂಕ ಹಾಕಿ ಕಳಿಸಿದರು.

ಗೋಡೆಯ ಕಾಗದ

ಹೇಗೋ ಪಾಸಾದೆ. ನೋಂದಣಿ ಪತ್ರ ಬಂದ ದಿನ ಯಜಮಾನರು ಅದಕ್ಕೆ ಕಟ್ಟು ಹಾಕಿಸಿ, ತಮ್ಮ ಪತ್ರ ಇಳಿಸಿ, ಅದೇ ಮೊಳೆಗೆ ನೇತುಹಾಕಿದರು. ಅಂಗಡಿ ಉಳಿಯಿತು.

ತಂಬ್ರಹಳ್ಳಿಯ ಅಜ್ಜಿಯೊಬ್ಬಳು ಮೊದಲಿನಿಂದಲೂ ತಿಂಗಳಿಗೊಮ್ಮೆ ಬಿಪಿ ಗುಳಿಗೆಗೆ ಬರುತ್ತಿದ್ದಳು. ಗೋಡೆ ನೋಡಿ ಅದೇನೆಂದು ಕೇಳಿದಳು. ಔಷಧಿ ಕೊಡುವ ಪರೀಕ್ಷೆ ಪಾಸಾದೆ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಈಗ ಪಾಸಾದ್ಯಾ? ಮತ್ತ ಇಷ್ಟು ವರ್ಷ ನನಗ ಏನ್ ಕೊಡ್ತಿದ್ದೆಪ್ಪ?”

ಯಜಮಾನರು ನೆರವಿಗೆ ಬಂದರು. “ನಾ ಇದ್ದೆನಲ್ಲವ್ವ.”

“ನೀ ಯಾವ ಪರೀಕ್ಷಿ ಪಾಸಾಗಿದ್ದಿ?”

ಅವರು ಇಳಿಸಿಟ್ಟ ತಮ್ಮ ಪತ್ರದ ಧೂಳು ಒರೆಸತೊಡಗಿದರು. ನಾನು ತೆಗೆದಿಟ್ಟಿದ್ದ ಗುಳಿಗೆಯನ್ನು ಅಜ್ಜಿ ತಿರುಗಿಸಿ ನೋಡಿ ನನ್ನ ಕಡೆ ಸರಿಸಿದಳು.

“ಇವು ಬ್ಯಾಡ. ಪಾಸಾಗೋಕಿಂತ ಮೊದಲು ಕೊಡ್ತಿದ್ಯಲ್ಲ, ಅವನ್ನ ಕೊಡು. ನನಗ ಹಿಡಿಸ್ಯಾವ.”

ಗುಳಿಗೆ ಒಳಗಿಟ್ಟೆ. ಮೂರನೇ ಸಾಲು, ಎಡಕ್ಕೆ. ಒಂದು ಗಳಿಗೆ ತಡೆದು, ಅದನ್ನೇ ತೆಗೆದುಕೊಟ್ಟೆ.