ಹಣ್ಣು ತಿಂದು ಗಳಿಸಿದ ನೌಕರಿ

ನಮ್ಮ ಸೀಮೆಯಲ್ಲಿ ಹಣ್ಣನ್ನು ಯಾರೂ ಹಣ್ಣೆಂದು ತಿನ್ನುವುದಿಲ್ಲ, ಔಷಧವೆಂದೇ ತಿನ್ನುತ್ತಾರೆ. ರುಚಿಗಾಗಿ ತಿಂದೆ ಎಂದು ಒಪ್ಪಿಕೊಳ್ಳಲು ಅದೇನು ಸಂಕೋಚವೋ ಕಾಣೆ. ಮಾವಿನಹಣ್ಣಿನ ರಸ ಮೊಳಕೈವರೆಗೆ ಇಳಿಯುತ್ತಿದ್ದರೂ 'ರಕ್ತ ಆಗ್ತದಂತ' ಎಂದು ಒಂದು ಕಾರಣ ಕೊಟ್ಟೇ ಇನ್ನೊಂದಕ್ಕೆ ಕೈ ಹಾಕುತ್ತಾರೆ. ದೇವದುರ್ಗ, ಮಾನ್ವಿ, ರಾಯಚೂರುಗಳ ನಡುವೆ ಓಡಾಡುವ ಸರಕಾರಿ ಬಸ್ಸಿನ ಕಂಡಕ್ಟರ್ ನಾನು. ದಿನಕ್ಕೆ ಎಷ್ಟೋ ಹಣ್ಣಿನ ಬುಟ್ಟಿಗಳು ನನ್ನ ಮೊಣಕಾಲಿಗೆ ಬಡಿಯುತ್ತವೆ, ಒಂದೊಂದು ಬುಟ್ಟಿಯ ಹಿಂದೆಯೂ ಒಬ್ಬ ವೈದ್ಯೆ ಕುಳಿತಿರುತ್ತಾಳೆ. ಮೊನ್ನೆ ಕಲ್ಮಲದಲ್ಲಿ ಹತ್ತಿದ ಹೆಂಗಸು ಪೇರಲಹಣ್ಣು ತಿಂದರೆ ಹೊಟ್ಟೆ ಸಡಿಲಾಗುತ್ತದೆ ಎಂದಳು. ಹಿಂದಿನ ಸೀಟಿನ ಮುದುಕ, ಎಲ್ಲಿಯ ಮಾತು, ಪೇರಲ ಹೊಟ್ಟೆ ಕಟ್ಟುತ್ತದೆ ಎಂದು ಜಗಳಕ್ಕೇ ನಿಂತ. ಕೊನೆಗೆ ಇಬ್ಬರೂ ನನ್ನತ್ತ ತಿರುಗಿ, 'ಕಂಡಕ್ಟರ್ ಸಾಹೇಬ್ರ, ನೀವ ಹೇಳ್ರಿ' ಎಂದರು. ನಾನು ಗಂಟಲು ಸರಿಮಾಡಿಕೊಂಡು, 'ಕಾಯಿದ್ರ ಕಟ್ತದ, ಹಣ್ಣಾದ್ರ ಬಿಡ್ತದ' ಎಂದು ತೀರ್ಪು ಕೊಟ್ಟೆ. ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಮಾನ್ವಿಯಲ್ಲಿ ಇಳಿದುಹೋದರು.

ಹೀಗೆ ತೀರ್ಪು ಕೊಡುವ ಅಧಿಕಾರ ನನಗೆ ಸುಮ್ಮನೆ ಬಂದದ್ದಲ್ಲ. ಹದಿನೈದು ದಿನ ಬಿಡದೆ ಹಣ್ಣು ತಿಂದು ಸರಕಾರಿ ನೌಕರಿ ಗಳಿಸಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಎಂಬುದು ನಮ್ಮ ಓಣಿಯವರ ನಂಬಿಕೆ. ಆ ನಂಬಿಕೆಯನ್ನು ನಾನು ಇಲ್ಲಿಯವರೆಗೆ ಕೆಡಿಸಲು ಹೋಗಿಲ್ಲ. ಹೆಮ್ಮೆಯ ವಿಷಯ ನೋಡಿ, ಅದರಲ್ಲಿ ಒಂದು ಸಣ್ಣ ತೂತಿದ್ದರೂ ಅಂಗಿಯ ಒಳಗಿನ ಬನಿಯನ್ನಿನ ತೂತಿನ ಹಾಗೆ, ಹೊರಗಿನವರಿಗೆ ಕಾಣುವುದಿಲ್ಲ. ಇವತ್ತು ನಿಮಗೆ ತೋರಿಸಿಬಿಡುತ್ತೇನೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮಪ್ಪ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ. ಕಾಲುವೆಯ ನೀರು ಬಂದು ಸುತ್ತಲೂ ಭತ್ತ ಬೆಳೆಯತೊಡಗಿದ ಮೇಲೆ ಊರಿಗೆಲ್ಲ ಬಂದ ಭಾಗ್ಯ ನಮ್ಮಪ್ಪನ ಬೆನ್ನ ಮೇಲೆ ಹಾದುಹೋಗಿಯೇ ಬಂದದ್ದು ಎಂದು ನಾನು ಈಗಲೂ ಹೇಳುತ್ತೇನೆ. ಅವನ ಮಗನಾದ ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಕಂಡಕ್ಟರ್ ಹುದ್ದೆಗೆ ಅರ್ಜಿ ಹಾಕಿ, ಆಯ್ಕೆಯೂ ಆಗಿಬಿಟ್ಟೆ. ನಮ್ಮ ಓಣಿಗೆ ಬಂದ ಮೊದಲ ಸರಕಾರಿ ಆರ್ಡರು ಅದು. ಓದು ಬಾರದವರೂ ಅದನ್ನು ಕೈಯಲ್ಲಿ ಹಿಡಿದು, ಮುದ್ರೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಕೊಟ್ಟರು. ಅವ್ವ ಅದನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಳು. ಅದರ ಕೊನೆಯ ಸಾಲಿನಲ್ಲಿ, ವೈದ್ಯರಿಂದ ದೇಹದಾರ್ಢ್ಯದ ಸರ್ಟಿಫಿಕೇಟು ತರತಕ್ಕದ್ದು, ತೂಕ ಐವತ್ತು ಕಿಲೋಗೆ ಕಡಿಮೆ ಇರಕೂಡದು ಎಂದು ಬರೆದಿತ್ತು. ಆ ಸಾಲನ್ನು ಓಣಿಯಲ್ಲಿ ಯಾರೂ ಓದಿಸಿಕೊಂಡಿರಲಿಲ್ಲ.

ರಾಯಚೂರಿನಲ್ಲಿ ಎರಡು ಕೋಣೆಯ ಸಣ್ಣ ದವಾಖಾನೆಯೊಂದರಲ್ಲಿ ಆ ಡಾಕ್ಟರು ಕೂರುತ್ತಿದ್ದರು. ಮೈಸೂರು ಕಡೆಯವರು, ದುಂಡನೆಯ ಮನುಷ್ಯ. ನನ್ನನ್ನು ತೂಕದ ಕಾಟಾದ ಮೇಲೆ ನಿಲ್ಲಿಸಿ ಮುಳ್ಳು ನೋಡಿದರು. ನಲವತ್ತೆಂಟು. 'ಏನಪ್ಪಾ, ಮನೆಯಲ್ಲಿ ಊಟ ಹಾಕೋದಿಲ್ಲವಾ?' ಎಂದು ನಕ್ಕು, 'ಹದಿನೈದು ದಿನ ಟೈಮ್ ಕೊಡ್ತೀನಿ. ಚೆನ್ನಾಗಿ ಹಣ್ಣು ಹಂಪಲು ತಿಂದು ಬಾ. ಆಗಲೂ ಐವತ್ತಾಗದಿದ್ದರೆ ಅನರ್ಹ ಅಂತ ಬರೆಯಬೇಕಾಗುತ್ತೆ' ಎಂದರು. ಹಣ್ಣು ಹಂಪಲು ಎಂಬ ಎರಡು ಮಾತನ್ನು ಅವರು ಬಾಯಿಗೆ ಬಂದ ಹಾಗೆ ಹೇಳಿರಬೇಕು. ಅದು ಮಾನ್ವಿಗೆ ಬರುವ ಹೊತ್ತಿಗೆ ಸರಕಾರದ ಹುಕುಂ ಆಗಿತ್ತು.

ಆ ಸಂಜೆ ಅಪ್ಪ ಗಿರಣಿಯಿಂದ ಬಂದವನೇ ವಿಷಯ ಕೇಳಿ, ಅಂಗಳದ ನಡುವೆ ನಿಂತು, 'ಬಾ ಇಲ್ಲಿ' ಎಂದ. ನನ್ನ ಎರಡೂ ಕೈಗಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡು, ಸೊಂಟ ಬಗ್ಗಿಸಿ, ಚೀಲ ಎತ್ತಿದಂತೆ ನನ್ನನ್ನು ಬೆನ್ನಿಗೇರಿಸಿ ಒಮ್ಮೆ ಕುಲುಕಿದ. ಇಳಿಸಿ ಹೇಳಿದ: 'ಐವತ್ತ ಅದಾನ. ಒಂದು ಹಿಡಿನೂ ಕಮ್ಮಿಲ್ಲ.'

ಅಪ್ಪನ ಈ ವಿದ್ಯೆಗೆ ಗಿರಣಿಯಲ್ಲಿ ಭಾರೀ ಮರ್ಯಾದೆ ಇತ್ತು. ಚೀಲ ಕಾಟಾಕ್ಕೆ ಹೋಗುವ ಮೊದಲೇ ಗುಮಾಸ್ತ ಅವನ ಮುಖ ನೋಡಿ ತೂಕ ಕೇಳುತ್ತಿದ್ದನಂತೆ. ಆದರೆ ನಾನು ಎಸ್ಸೆಸ್ಸೆಲ್ಸಿ ಪಾಸಾದವನು. 'ಯಪ್ಪಾ, ಅದು ಡಾಕ್ಟರ್ ಕಾಟಾ. ಭತ್ತದ ಚೀಲ ಎತ್ತಿದಂಗಲ್ಲ ಇದು' ಎಂದೆ. ಗಿರಣಿಯ ಕಾಟಾದ ಮೇಲೆ ಒಮ್ಮೆ ನಿಂತು ನೋಡು ಎಂದು ಅವನು ಕರೆದಾಗಲೂ ನಾನು ಹೋಗಲಿಲ್ಲ. ನಾಳೆ ಖಾಕಿ ತೊಡುವವನು ಚೀಲಗಳ ಸಾಲಿನಲ್ಲಿ ನಿಂತು ತೂಗಿಸಿಕೊಳ್ಳುವುದೇ?

ಮರುದಿನದಿಂದ ಚಿಕಿತ್ಸೆ ಶುರುವಾಯಿತು. ಬಸ್ ಸ್ಟ್ಯಾಂಡಿನಲ್ಲಿ ಬಂಡಿಯ ಮೇಲೆ ಹಣ್ಣು ಮಾರುತ್ತಿದ್ದ ಮೈಬೂಬ ಚಾಚಾ ನಮ್ಮ ಓಣಿಯವನೇ. ಸಿಪ್ಪೆ ಕಪ್ಪಾದ ಬಾಳೆಹಣ್ಣಿನ ಗೊನೆಯೊಂದನ್ನು ತಂದು ನಮ್ಮ ಮನೆಯ ಗೂಟಕ್ಕೆ ತಾನೇ ತೂಗುಹಾಕಿದ. 'ಕೇಳು ಬೇಟಾ, ಕರೀ ಸಿಪ್ಪಿ ಬಾಳಿಹಣ್ಣೇ ಅಸಲಿ ದವಾ. ಸೀದಾ ಮಾಂಸ ಆಗ್ತದ. ಹಳದಿ ತಿನ್ನಾವ್ರೆಲ್ಲ ಶೋಕಿ ಮಂದಿ' ಎಂದ. ಅವ್ವನಿಗೆ ಬಾಳೆಹಣ್ಣಿನ ಮೇಲೆ ಅಷ್ಟು ವಿಶ್ವಾಸವಿರಲಿಲ್ಲ. ಮಾಂಸ ಬಂದರೆ ಸಾಕೆ, ರಕ್ತ ಬೇಡವೆ? ಅದಕ್ಕೆ ಮೂರು ಹೊತ್ತೂ ಮಾವಿನಹಣ್ಣಿನ ಶೀಕರಣಿ, ಜೋಳದ ರೊಟ್ಟಿ. ಹೊಳೆದಂಡೆಯ ಗೂಗಲ್ ಎಂಬ ಹಳ್ಳಿಯಿಂದ ಚಿಗವ್ವ ಬಂದಳು. ಬೇಸಿಗೆಯಲ್ಲಿ ಕೃಷ್ಣೆಯ ಮರಳಿನಲ್ಲಿ ಅವರು ಕಲ್ಲಂಗಡಿ, ಕರಬೂಜ ಬೆಳೆಯುತ್ತಿದ್ದರು. ಎರಡು ಚೀಲ ಹಣ್ಣು ಬಸ್ಸಿನ ಮೇಲೆ ಹಾಕಿಸಿಕೊಂಡು, ದೇವದುರ್ಗದಲ್ಲಿ ಇನ್ನೊಂದು ಬಸ್ಸಿಗೆ ಬದಲಿಸಿ ಬಂದವಳು, ನಮ್ಮ ಬಾಗಿಲಲ್ಲೇ ನಿಂತು ಅಕ್ಕನನ್ನು ತರಾಟೆಗೆ ತೆಗೆದುಕೊಂಡಳು. 'ಏನ್ ಬೇ ಅಕ್ಕಾ, ಇಂಥಾ ಬ್ಯಾಸಿಗ್ಯಾಗ ಬರೇ ಮಾವು ತಿನ್ಸಿ ಹುಡುಗನ್ನ ಸುಡಾಕತ್ತೀಯಲ್ಲ! ಮೊದಲು ಒಳಗ ತಂಪು ಬೀಳ್ಬೇಕು, ಆಮ್ಯಾಲ ಮೈ ಹಿಡೀತದ.'

ನಾನು ಯಾರ ಮನಸ್ಸನ್ನೂ ನೋಯಿಸುವವನಲ್ಲ. ಬೆಳಿಗ್ಗೆ ಮಾಂಸಕ್ಕೆ, ಮಧ್ಯಾಹ್ನ ರಕ್ತಕ್ಕೆ, ಸಂಜೆ ತಂಪಿಗೆ ತಿಂದೆ. ಇದೆಲ್ಲ ಜೀರ್ಣವಾಗಲಿ ಎಂದು ಎದುರು ಮನೆಯವರು ಪಪ್ಪಾಯಿ ಕೊಟ್ಟರು, ಅದನ್ನೂ ತಿಂದೆ. ನಾನು ತಿನ್ನುವುದನ್ನು ನೋಡಲು ಓಣಿಯವರು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ನನ್ನ ಒಂದು ಕೆನ್ನೆ ಇನ್ನೊಂದಕ್ಕಿಂತ ತುಂಬಿದೆ ಎಂದು ಒಬ್ಬರು, ಕುತ್ತಿಗೆಯಲ್ಲಿ ಕಳೆ ಬಂದಿದೆ ಎಂದು ಇನ್ನೊಬ್ಬರು. ಸುಳ್ಳೇಕೆ, ನನಗೆ ಬಹಳ ಹೆಮ್ಮೆಯಾಗುತ್ತಿತ್ತು. ಕುಳಿತಲ್ಲೇ ತಿನ್ನುವುದನ್ನು ಊರಿನವರೆಲ್ಲ ದುಡಿಮೆ ಎಂದು ಮೆಚ್ಚುವ ಯೋಗ ಎಷ್ಟು ಜನರಿಗೆ ಬರುತ್ತದೆ?

ಒಂಬತ್ತನೆಯ ದಿನ ಹೊಟ್ಟೆ ಕೈಕೊಟ್ಟಿತು. ಅದರ ವಿವರ ಬೇಡ. ತಂಬಿಗೆ ಹಿಡಿದುಕೊಂಡು ಕಾಲುವೆಯ ಕಡೆಗೆ ನಾನು ಎಷ್ಟು ಸಲ ಓಡಿದೆನೆಂದರೆ, ದಾರಿಯಲ್ಲಿ ಸಿಕ್ಕವರು ಮಾತಾಡಿಸುವುದನ್ನೇ ಬಿಟ್ಟರು. ಅಪ್ಪ ಆ ಸಂಜೆ ನನ್ನನ್ನು ಎತ್ತಿ ನೋಡಿ, 'ಎರಡು ಕಿಲೋ ಇಳದಾನ' ಎಂದ. ಅವ್ವ ಅಳಲು ಶುರುಮಾಡಿದಳು. ಕಲ್ಲಂಗಡಿಯದು ತಪ್ಪೆಂದು ಅವಳು, ಮಾವಿನದು ತಪ್ಪೆಂದು ಚಿಗವ್ವ, ಬಾಳೆಹಣ್ಣಿನ ಮೇಲೆ ಮಾತ್ರ ಆಣೆ ಇಡುತ್ತೇನೆಂದು ಮೈಬೂಬ ಚಾಚಾ. ಕೊನೆಗೆ ಮೂವರೂ ಕೂಡಿ ತಪ್ಪನ್ನು ಪಪ್ಪಾಯಿಯ ಮೇಲೆ ಹೊರಿಸಿದರು, ಏಕೆಂದರೆ ಅದನ್ನು ಕೊಟ್ಟವರು ಆಗ ಅಲ್ಲಿರಲಿಲ್ಲ. ದಾಳಿಂಬರಿಯ ಸಿಪ್ಪೆ ಅರೆದು ಮಜ್ಜಿಗೆಯಲ್ಲಿ ಕುಡಿಸಿದರು. ಎರಡು ದಿನ ಮಲಗಿದೆ, ಎದ್ದೆ, ಮತ್ತೆ ಬಾಳೆಹಣ್ಣಿಗೆ ಕುಳಿತೆ. ಹದಿನೈದನೆಯ ದಿನ ಬೆಳಿಗ್ಗೆ ಒಂದು ಡಜನ್ ಬಾಳೆಹಣ್ಣು ತಿಂದು, ಎರಡು ತಂಬಿಗೆ ನೀರು ಕುಡಿದು ಅಲುಗಾಡದೆ ನಿಂತಾಗ ಅಪ್ಪ ಮೆಲ್ಲಗೆ ಎತ್ತಿ ಇಳಿಸಿದ. 'ಮತ್ತ ಐವತ್ತಕ್ಕ ಬಂದೀ. ನಡಿ, ನಾನೂ ಬರ್ತೀನಿ' ಎಂದ. ಅವನು ಗಿರಣಿ ಬಿಟ್ಟು ರಾಯಚೂರಿಗೆ ಬಂದದ್ದು ನನಗೆ ನೆನಪಿರುವಂತೆ ಅದೇ ಮೊದಲು.

ದವಾಖಾನೆಯ ಹೊರಗೆ ಕಾಯುತ್ತಿದ್ದಾಗ ಕಂಪೌಂಡರ್ ನಮ್ಮ ಜೊತೆ ಹರಟೆಗೆ ಕುಳಿತ. 'ಒಳಗ ಸಾಹೇಬ್ರು ಖುಷಿಯಾಗ ಅದಾರ. ಒಂದು ತಿಂಗಳಾತು, ಮುಂಜಾನೆ ಬರೇ ಹೊಟ್ಟಿಲೆ ಲಿಂಬಿಹಣ್ಣಿನ ನೀರು ಕುಡ್ಯಾಕತ್ತಾರ. ಎರಡು ಕಿಲೋ ಇಳದಾರ ನೋಡ್ರಿ! ಬಂದ ಮಂದಿಗೆಲ್ಲ ಅದನ್ನ ಹೇಳಾಕತ್ತಾರ' ಎಂದ. ಅಪ್ಪ, 'ಹೌದಾ' ಎಂದ.

ಕಾಟಾದ ಮೇಲೆ ನಿಂತೆ. ಮುಳ್ಳು ಒಮ್ಮೆ ನಡುಗಿ ನಿಂತಿತು. ನಲವತ್ತೆಂಟು. ಅಷ್ಟೂ ಹಣ್ಣು ಎಲ್ಲಿ ಹೋಯಿತು ಎಂದು ನನಗೆ ತಿಳಿಯಲಿಲ್ಲ. ದೇವರ ಫೋಟೋದ ಹಿಂದಿನ ಕಾಗದ, ಕಟ್ಟೆಯ ಮೇಲೆ ಕುಳಿತ ಓಣಿ, ಎಲ್ಲರ ಮುಂದೆ ನಾಳೆಯಿಂದ ನಾನು ಹೇಗೆ ತಿರುಗಲಿ? ಡಾಕ್ಟರು, 'ನನ್ನ ಕೈಯಲ್ಲಿ ಏನೂ ಇಲ್ಲಪ್ಪ' ಎಂದು ಪೆನ್ನಿನ ಕ್ಯಾಪು ತೆಗೆದರು.

ಆಗ ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಬಂದ. ಗಿರಣಿಯ ಮಾಲೀಕನ ಎದುರೂ ತುಟಿ ಬಿಚ್ಚದ ಮನುಷ್ಯ, 'ಸಾಹೇಬ್ರ, ಸಿಟ್ಟು ಮಾಡ್ಕೋಬ್ಯಾಡ್ರಿ. ನಿಮ್ಮ ಕಾಟಾ ತಪ್ಪು ಹೇಳಾಕತ್ತದ. ನನ್ನ ಮಗ ಐವತ್ತು ಅದಾನ' ಎಂದ.

'ನಿನಗೆ ಹೇಗಯ್ಯಾ ಗೊತ್ತು?'

'ಎತ್ತಿ ನೋಡೀನ್ರಿ.'

ಡಾಕ್ಟರು ಜೋರಾಗಿ ನಕ್ಕರು. 'ಹಾಗಾದರೆ ನನ್ನ ತೂಕ ಎಷ್ಟು, ಹೇಳು ನೋಡೋಣ.'

'ಎತ್ತದ ಹ್ಯಾಂಗ ಹೇಳಲ್ರಿ?' ಎಂದ ಅಪ್ಪ, ಅವರತ್ತ ಬೆನ್ನು ತಿರುಗಿಸಿ ಬಗ್ಗಿ ನಿಂತುಬಿಟ್ಟ. ನಾನು ಗೋಡೆಯ ಕಡೆ ಮುಖ ಮಾಡಿಕೊಂಡೆ. ನೌಕರಿ ಹೋದರೆ ಹೋಗಲಿ, ಈ ಮನುಷ್ಯ ನಮ್ಮಪ್ಪ ಎಂದು ಇವರಿಗೆ ಗೊತ್ತಾಗದಿದ್ದರೆ ಸಾಕಿತ್ತು ಎಂದು ನನ್ನ ಮನಸ್ಸಿನಲ್ಲಿ ಬಂದದ್ದು ನಿಜ, ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ತಿರುಗಿ ನೋಡಿದಾಗ ಡಾಕ್ಟರು ನೆಲಬಿಟ್ಟು ಅಪ್ಪನ ಬೆನ್ನ ಮೇಲಿದ್ದರು, ಬೂಟುಗಳು ಗಾಳಿಯಲ್ಲಿ ತೂಗಾಡುತ್ತಿದ್ದವು. ಅಪ್ಪ ಒಮ್ಮೆ ಕುಲುಕಿ, ಹುಷಾರಾಗಿ ಇಳಿಸಿದ. 'ಎಪ್ಪತ್ತೊಂದ್ರಿ, ಬೂಟು ಬಿಟ್ಟು. ಭತ್ತದ ಚೀಲಕ್ಕಿಂತ ಕಮ್ಮಿನ ಅದೀರಿ, ಚಿಂತಿ ಮಾಡಬ್ಯಾಡ್ರಿ.'

ಡಾಕ್ಟರ ನಗು ನಿಂತಿತು. 'ಎಪ್ಪತ್ತೊಂದು ನಾನು ಹೋದ ತಿಂಗಳು ಇದ್ದದ್ದು. ಈಗ ಅರವತ್ತೊಂಬತ್ತು' ಎಂದರು. ಬೂಟು ಬಿಚ್ಚಿ ಕಾಟಾ ಹತ್ತಿದರು. ಅರವತ್ತೊಂಬತ್ತೇ ತೋರಿಸಿತು. ಅಪ್ಪ ಅಲ್ಲಾಡಲಿಲ್ಲ. ಮೂಲೆಯಲ್ಲಿ ಬಾಯಿ ಹೊಲಿದ ಬ್ಲೀಚಿಂಗ್ ಪುಡಿಯ ಚೀಲವಿತ್ತು, ಮೇಲೆ ಇಪ್ಪತ್ತೈದು ಕಿಲೋ ಎಂದು ಅಚ್ಚು. 'ಇದನ್ನ ಇಡಲ್ರಿ?' ಎಂದು ಕೇಳಿ, ಎತ್ತಿ ಕಾಟಾದ ಮೇಲಿಟ್ಟ. ಇಪ್ಪತ್ಮೂರು. ಕಂಪೌಂಡರ್ ತಲೆ ಕೆರೆದುಕೊಂಡ. 'ಹೋದ ತಿಂಗಳು ಸುಣ್ಣ ಹಚ್ಚಾಗ ಕಾಟಾ ಎತ್ತಿ ಹೊರಗ ಇಟ್ಟಿದ್ವಿರಿ. ಸ್ವಲ್ಪ ಕೈ ಜಾರಿ ಬಿದ್ದಿತ್ತು...'

ಮೇಜಿನ ಮೇಲೆ ಅರ್ಧ ಹಿಂಡಿದ ಲಿಂಬೆಹಣ್ಣು ಇತ್ತು, ಡಾಕ್ಟರು ಅದನ್ನೇ ನೋಡುತ್ತಿದ್ದರು. ನಾನು ಐವತ್ತೆಂದು ಅವರು ಒಪ್ಪಿದರೆ, ತಾವು ಎಪ್ಪತ್ತೊಂದಾಗಲೇಬೇಕಿತ್ತು. ಒಂದು ತಿಂಗಳ ಅವರ ಸಾಧನೆ ಒಂದು ಕಡೆ, ನನ್ನ ಜನ್ಮದ ನೌಕರಿ ಇನ್ನೊಂದು ಕಡೆ. ಆ ಮನುಷ್ಯ ದೊಡ್ಡವರು ಎಂದು ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಬಗ್ಗಿ, ಕಾಟಾದ ಸ್ಕ್ರೂ ತಿರುಗಿಸಿ, ಚೀಲ ಸರಿಯಾಗಿ ಇಪ್ಪತ್ತೈದು ತೋರಿಸುವವರೆಗೆ ಹೊಂದಿಸಿದರು. ನನ್ನನ್ನು ಮತ್ತೆ ನಿಲ್ಲಿಸಿದರು. ಮುಳ್ಳು ಐವತ್ತಕ್ಕೆ ಬಂದು ನಿಂತಿತು. ಸಹಿ ಹಾಕಿ ಕೊಡುವಾಗ ಅಪ್ಪನಿಗೆ, 'ನಿನ್ನ ಬೆನ್ನಿಗೆ ಸೀಲ್ ಹೊಡೆಸಬೇಕಯ್ಯಾ' ಎಂದರು. ಆ ಮಾತು ಕೇಳಿ ನನ್ನ ಎದೆ ಉಬ್ಬಿದ್ದನ್ನು ತೂಗಿದ್ದರೆ ಇನ್ನೂ ಎರಡು ಕಿಲೋ ಬರುತ್ತಿತ್ತು.

ಬಸ್ಸಿನಲ್ಲಿ ಅಪ್ಪನ ಪಕ್ಕ ಕುಳಿತಾಗ ಕೇಳಿದೆ, ಮೊದಲ ದಿನವೇ ಗಟ್ಟಿಯಾಗಿ ಹೇಳಬಾರದಿತ್ತೆ ಎಂದು. ಅವನು ಕಿಟಕಿಯ ಆಚೆಯ ಗದ್ದೆಗಳನ್ನು ನೋಡುತ್ತ, 'ಹೇಳಿದ್ನಲ್ಲೋ. ನೀ ಓದಿದಾಂವ, ಮುಳ್ಳು ಓದಿದಿ' ಎಂದ. ಮನೆಗೆ ಬಂದರೆ ಓಣಿಯೆಲ್ಲ ನೆರೆದಿತ್ತು. ಮಾವು ಕೈಹಿಡಿಯಿತೆಂದು ಅವ್ವ, ತಂಪು ಬಿದ್ದದ್ದಕ್ಕೇ ಮೈ ಹಿಡಿಯಿತೆಂದು ಚಿಗವ್ವ, ನಾನು ಹೇಳಿರಲಿಲ್ಲವೆ ಎಂದು ಮೈಬೂಬ ಚಾಚಾ. ಅಷ್ಟು ಮುಖಗಳ ಮುಂದೆ ನಿಜ ಹೇಳಲು ನನಗೆ ಮನಸ್ಸಾಗಲಿಲ್ಲ. ಅಪ್ಪನೂ ಹೇಳಲಿಲ್ಲ, ಗೂಟದಲ್ಲಿ ಉಳಿದಿದ್ದ ಬಾಳೆಹಣ್ಣು ಕಿತ್ತು ತಿನ್ನುತ್ತ ಕುಳಿತ.

ಇದಾಗಿ ಹತ್ತು ವರ್ಷವಾಗಿದೆ. ಕುಳಿತವರ ಟಿಕೆಟ್ ಹರಿಯುವ ಕೆಲಸದಲ್ಲಿ ನನ್ನ ಮೈ ಯಾವ ಹಣ್ಣಿನ ಸಹಾಯವೂ ಇಲ್ಲದೆ ತುಂಬಿಕೊಂಡಿತು. ಹೋದ ತಿಂಗಳು ಇಲಾಖೆಯ ತಪಾಸಣೆಯಲ್ಲಿ ನನ್ನನ್ನು ತೂಗಿ, ಹತ್ತು ಕಿಲೋ ಇಳಿಸತಕ್ಕದ್ದು ಎಂದು ಬರೆದುಕೊಟ್ಟರು. ಈ ಕಾಟಾ ಸರಿ ಇದ್ದಂತಿಲ್ಲ ಎಂದು ನಾನು ಅಲ್ಲೇ ಹತ್ತು ನಿಮಿಷ ವಾದಿಸಿದೆ. ಮನೆಗೆ ಬಂದು ಅದನ್ನೇ ಜೋರಾಗಿ ಹೇಳುತ್ತಿದ್ದಾಗ, ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಎದ್ದು ನಿಂತು, ರುಮಾಲು ಬಿಗಿದುಕೊಂಡು, 'ಬಾ ಹಣಮ್ಯಾ, ಎತ್ತಿ ನೋಡ್ತೀನಿ' ಎಂದ.

ಬಸ್ಸಿಗೆ ಹೊತ್ತಾಯಿತು ಎಂದು ನಾನು ಹೊರಟುಬಿಟ್ಟೆ. ಬಸ್ಸು ಬಿಡಲು ಇನ್ನೂ ಒಂದು ತಾಸಿತ್ತು.