ಮಿರಜಿನ ಬಡಿದಾಟದ ಯಂತ್ರಕ್ಕೆ, ನನ್ನ ಸಿಟ್ಟಿನ ಹೊಣೆ ಹೊರುವ ಬಗ್ಗೆ

ಸಮಡೋಳಿ
೧೯೯೩ರ ದೀಪಾವಳಿ ಮುಗಿದ ವಾರ

ಮಿರಜ ಬಸ್ ನಿಲ್ದಾಣದ ಬಳಿಯ ವಿಡಿಯೋ ಗೇಮ್ ಅಂಗಡಿಯಲ್ಲಿ, ಬಾಗಿಲ ಪಕ್ಕದಲ್ಲೇ ವಿರಾಜಮಾನರಾಗಿರುವ ಮಾನ್ಯ ಬಡಿದಾಟದ ಯಂತ್ರದವರೇ,

ಸಾಷ್ಟಾಂಗ ನಮಸ್ಕಾರಗಳು. ತಮ್ಮ ಗುಂಡಿಗಳು ಕ್ಷೇಮವೆಂದೂ, ಕರೆಂಟು ಹೋದಾಗಲಾದರೂ ತಮಗೆ ವಿಶ್ರಾಂತಿ ಸಿಗುತ್ತಿದೆಯೆಂದೂ, ದಿನವಿಡೀ ಒದೆ ತಿನ್ನುವ ತಮ್ಮ ಪೈಲ್ವಾನರೆಲ್ಲ ಸುಖವಾಗಿದ್ದಾರೆಂದೂ ಭಾವಿಸಿ, ಒಂದು ತಕರಾರನ್ನು ತಮ್ಮ ಪಾದಗಳಿಗೆ, ಪಾದಗಳಿದ್ದರೆ, ಅರ್ಪಿಸುತ್ತಿದ್ದೇನೆ. ಊರೆಲ್ಲ ಓದುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಹೆಸರಿಗೆ ಕಾಗದ ಮುಟ್ಟಿಸಲು ಅಂಚೆಯವರು ಒಪ್ಪಲಿಲ್ಲ.

ನಾನು ಶಾಲನ. ಎರಡು ಎಮ್ಮೆ ಕಟ್ಟಿಕೊಂಡು ನಮ್ಮೂರ ಹಾಲಿನ ಸಹಕಾರಿ ಸಂಘಕ್ಕೆ ಹಾಲು ಹಾಕುವವಳು. ನನ್ನ ಯಜಮಾನರಾದ ತವನಪ್ಪನವರನ್ನು ತಾವು ಬಲ್ಲಿರಿ. ಇರುವೆ ಸಾಲಿಗೆ ದಾರಿ ಬಿಟ್ಟು ಸ್ವತಃ ಕೆಸರಿಗಿಳಿಯುವ, ಬೈದವರಿಗೆ ಚಹಾ ಕುಡಿಸಿ ಕಳಿಸುವ ಮನುಷ್ಯರವರು. ಸೈಕಲ್ಲಿನಿಂದ ಬಿದ್ದು ಮುರಿದುಕೊಂಡ ಕೈಯ ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ಬೆರಳುಗಳಿಗೆ ವ್ಯಾಯಾಮ ಕೊಡಲು ಹೇಳಿದರು. ಬಸ್ಸಿಗೆ ಕಾಯುತ್ತಿದ್ದ ನಮ್ಮವರು ತಮ್ಮನ್ನು ಕಂಡರು, ಗುಂಡಿ ಒತ್ತಿದರು, ಅಂದಿನಿಂದ ಅವರಿಗೆ ಮಿರಜಿನಲ್ಲಿ ಕೆಲಸಗಳು ಹೆಚ್ಚಿದವು.

ಅದೇ ಹೊತ್ತಿಗೆ, ಇಂಥ ಆಟಗಳಿಂದ ಆಡುವವರಲ್ಲಿ ಆಕ್ರಮಣಶೀಲತೆ ಕೆರಳುತ್ತದೆಂದು ಮರಾಠಿ ಪತ್ರಿಕೆಯಲ್ಲಿ ಬಂತು. ನನ್ನ ಅತ್ತೆ ಸಖುಬಾಯಿಯವರು ಅದನ್ನು ಓದಿಸಿ ಕೇಳಿ, "ನಾಳೆ ನಮ್ಮ ತವನಾ ಕೈ ಎತ್ತಿದ್ರ ಹೆಂಗವಾ?" ಎಂದು ಲಟ್ಟಣಿಗೆಯನ್ನು ಜೋಳದ ಚೀಲದಲ್ಲಿ ಬಚ್ಚಿಟ್ಟರು. ನಾನಾದರೋ, ಬಚ್ಚಿಡದೆ ಹೇಳುತ್ತೇನೆ, ಒಳಗೊಳಗೇ ಕುಣಿದೆ. ಹಾಲು ಹಿಂಡುವುದು, ಹೊರುವುದು, ಹಾಕುವುದು ಹೆಂಗಸರು, ಆದರೆ ಸಂಘದ ಸದಸ್ಯತ್ವ ಮಾತ್ರ ಗಂಡಸರ ಹೆಸರಿಗೆ ಏಕೆ ಎಂದು ಸಭೆಯಲ್ಲಿ ಕೇಳಿರೆಂದು ನಾನು ಇವರ ಬೆನ್ನು ಹತ್ತಿ ವರ್ಷಗಳಾಗಿದ್ದವು. ತಮ್ಮ ಕೃಪೆಯಿಂದ ಒಂದು ಹಿಡಿ ಸಿಟ್ಟು ಬಂದರೆ ಸಾಕಿತ್ತು.

ಆದರೆ ತಾವು ಮಾಡಿದ್ದೇನು? ಅವರು ಮೊದಲಿಗಿಂತ ಮೆತ್ತಗಾಗಿ ಬಂದರು. ಗೆದ್ದಿರೇನು ಎಂದು ಕೇಳಿದರೆ, "ಬಿದ್ದಿದ್ದಾ, ಪಾಪ. ದಮ್ ತೊಗೊಳ್ಳಲಿ ಅಂತ ನಿಂತೆ. ಎದ್ದಾಂವ ನನಗ ಒದ್ದಾ," ಎಂದು ಆ ಒದ್ದವನ ಕಾಲಿಗೆ ಪೆಟ್ಟಾಯಿತೇನೋ ಎಂದು ಮರುಗಿದರು.

ಇದನ್ನು ವಿಚಾರಿಸಲೆಂದೇ ನಾನು ಮಿರಜಿಗೆ ಬಂದೆ. ಯಜಮಾನರು ನನ್ನನ್ನು ಕಂಡು ನಾಚಿ, "ನೀನೂ ಒಂದ ಸಲ ಆಡ ಬಾ," ಎಂದು ಜಾಗ ಬಿಟ್ಟರು. ಕೋಲು ಹಿಡಿದ ಹೆಣ್ಣುಮಗಳೊಬ್ಬಳು ಪರದೆಯಲ್ಲಿದ್ದಳು, ಅವಳನ್ನೇ ಆರಿಸಿಕೊಂಡೆ. ಎದುರಿನ ಮೀಸೆಯವನು ಬಿದ್ದ. ಅವನು ಏಳುವುದರೊಳಗೆ ಮತ್ತೆ ಬಡಿದೆ. ಕಿವಿ ಬಿಸಿಯಾದವು, ಸೆರಗು ಜಾರಿತು, ಬಳೆ ಒಡೆದವು, ನಗು ತಡೆಯಲಾಗಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ನನ್ನನ್ನು ಚಿಕ್ಕಮ್ಮನನ್ನಾಗಿ ಮಾಡಿಕೊಂಡು "ಮಾವಶಿ, ಹೊಡೀರಿ!" ಎಂದು ಕೂಗಿದರು, ನಾನು ಹೊಡೆದೆ. ಮರಳುವ ಬಸ್ಸಿನಲ್ಲಿ ಇಬ್ಬರು ದಪ್ಪ ಗಂಡಸರ ನಡುವಿನಿಂದ ನುಗ್ಗಿ ಕಿಟಕಿಯ ಸೀಟು ಹಿಡಿದೆ. ಪತ್ರಿಕೆ ಸುಳ್ಳಾಡಿರಲಿಲ್ಲ, ತಾವು ವಿಳಾಸ ತಪ್ಪಿದ್ದಿರಿ ಅಷ್ಟೆ.

ಮುಂದಿನ ವಾರವೇ ಸಂಘದ ಸಭೆ. ಹಾಲು ಹಾಕುವ ಹೆಂಗಸರೂ ಹಿಂದೆ ಕೂತು ಕೇಳುವ ರೂಢಿ. ಅಧ್ಯಕ್ಷರಾದ ರಾವಸಾಬರು ಮೈಕಿನಲ್ಲಿ, "ಹೆಣ್ಮಕ್ಕಳು ಹಾಲ ಹಾಕ್ತಾರ ಖರೆ. ಆದ್ರ ಮನಿ ಗಂಡಸರು ಮೆಂಬರ ಅದಾರಲ್ಲಾ, ಸಾಕ," ಎಂದರು. ನನ್ನ ಹೆಬ್ಬೆರಳು ತಾನಾಗಿಯೇ ಇಲ್ಲದ ಗುಂಡಿ ಒತ್ತತೊಡಗಿತು, ನಾನು ಎದ್ದು ನಿಂತಿದ್ದೆ.

"ಎಮ್ಮಿ ನಮ್ಮ ಕೈಗೆ ಹಾಲ ಕೊಡತಾವರಿ, ನಿಮ್ಮ ಸಹಿಗೆ ಅಲ್ಲ!"

ಮುಂದೆ ಹೋಗಿ ಅಧ್ಯಕ್ಷರ ಮೇಜು ಗುದ್ದಿದೆನಂತೆ. ಹೂದಾನಿ ಉರುಳಿ ಅಧ್ಯಕ್ಷರ ಧೋತರ ತೊಯ್ದಿತು. "ತವನಪ್ಪಾ, ಮನಿಯವರನ್ನ ಕುಂದ್ರಸ್ರಿ," ಎಂದು ಅವರು ಗದರಿದರು. ಸಭೆಯೆಲ್ಲ ನಮ್ಮವರತ್ತ ತಿರುಗಿತು. ಜೀವನದಲ್ಲಿ ಯಾರಿಗೂ ಎದುರಾಡದ ನನ್ನ ಗಂಡ ಮೆಲ್ಲಗೆ ಎದ್ದರು, ತಮ್ಮ ಕುರ್ಚಿಯನ್ನು ನನ್ನ ಹಿಂದೆ ತಂದಿಟ್ಟರು, ಕೈ ಮುಗಿದು ಹೇಳಿದರು: "ನಿಂತ ಮಾತಾಡ್ಲಿ ಬಿಡ್ರಿ, ಸಾಹೇಬ್ರ. ಮಾತ ಮುಗದ ಮ್ಯಾಲ ಕುಂದ್ರತಾಳ."

ಆ ಕ್ಷಣ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅಷ್ಟರಲ್ಲಿ ಹಿಂದಿನಿಂದ ಕೆಂಪವ್ವ ಎದ್ದಳು, ಸಾತವ್ವ ಎದ್ದಳು, ಆಮೇಲೆ ಕೂತ ಹೆಂಗಸರೇ ಉಳಿಯಲಿಲ್ಲ. ಹಾಲು ಹಾಕುವ ಹೆಂಗಸರನ್ನು ಸದಸ್ಯರನ್ನಾಗಿ ಮಾಡುವ ಠರಾವು ಆ ಸಭೆಯಲ್ಲೇ ಪಾಸಾಯಿತು.

ಈಗ ಸಂಘವು ನನಗೆ ನೋಟಿಸು ಕಳಿಸಿದೆ: "ಸಭೆಯಲ್ಲಿನ ನಿಮ್ಮ ಆಕ್ರಮಣಕಾರಿ ವರ್ತನೆಗೆ ಕಾರಣ ತಿಳಿಸಿರಿ." ಕಾರಣ ತಾವೇ ಎಂದು ಪತ್ರಿಕೆಯೇ ಹೇಳಿರುವಾಗ, ಹೊಣೆಯನ್ನು ತಾವು ಹೊತ್ತು, ಒಂದು ಗುಂಡಿಯ ಅಚ್ಚೊತ್ತಿ ದೃಢೀಕರಿಸಿ ಕೊಡಬೇಕೆಂದು ವಿನಂತಿ. ಆ ಸಿಟ್ಟು ನಾನು ಮದುವೆಯಾಗಿ ಬಂದಾಗಿನಿಂದ ಎಮ್ಮೆಗಳ ಜೊತೆ ಕೊಟ್ಟಿಗೆಯಲ್ಲೇ ಇತ್ತೆಂಬ ಸಂಗತಿಯನ್ನು ತಾವು ಬಾಯಿಬಿಡಬಾರದು. ಹಾಗೆಯೇ, ನಮ್ಮ ಯಜಮಾನರ ಸಲುವಾಗಿ, ಸೋತವನನ್ನು ಎಬ್ಬಿಸಿ ಕೂಡಿಸಿ ನೀರು ಕೊಡಲು ಒಂದು ಹೊಸ ಗುಂಡಿ ಅಳವಡಿಸಿಕೊಂಡರೆ ಅವರಿಗೂ ಒಮ್ಮೆ ಗೆದ್ದ ಸಂತೋಷ ಸಿಗುವುದು.

ಒದೆಗೂ ಕೃಪೆಗೂ ಸದಾ ಋಣಿಯಾದ,
ತಮ್ಮ ವಿಶ್ವಾಸಿ,
ಶಾಲನ ತವನಪ್ಪ, ಸದಸ್ಯೆ

ತಾ.ಕ.: ಸಂಘದ ಚುನಾವಣೆಗೆ ನಿನ್ನೆ ನಾಮಪತ್ರ ಸಲ್ಲಿಸಿದೆ. ಅಧ್ಯಕ್ಷರೂ ಬಂದಿದ್ದರು. ಸರದಿಯಲ್ಲಿ ನನ್ನನ್ನು ಕಂಡವರೇ, ಎಮ್ಮೆಗೆ ಹಿಂಡಿ ಹಾಕುವುದು ಮರೆತೆನೆಂದು ಅವಸರದಿಂದ ಮನೆಗೆ ಹೋದರು. ಅವರ ಮನೆಯಲ್ಲಿ ಎಮ್ಮೆಯಿಲ್ಲ.